ಅಮೃತಬಳ್ಳಿಯೂ ರಕ್ತನಾಳಗಳ ಬೆಳವಣಿಗೆಯೂ

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಂತಹ ಬಯಲುಸೀಮೆಯ ಊರುಗಳಲ್ಲಿ ಅಮೃತಬಳ್ಳಿಯು ಅಪರೂಪದ ಸಸ್ಯವಲ್ಲ. ಜ್ವರ ಬಂದಾಗ ಅದರ ಕಾಂಡವನ್ನು ಜಜ್ಜಿ, ಕಷಾಯ ಕಾಸಿ ಕುಡಿಸುವ ರೂಢಿಯು ಬಹುಕಾಲದ್ದು. ಆದರೆ ಈ ಬಳ್ಳಿಯ ಸತ್ತ್ವವೊಂದು ರಕ್ತನಾಳಗಳ ಬೆಳವಣಿಗೆಯನ್ನು ತಡೆಯಬಲ್ಲದೆಂಬ ವಿಚಾರವು ಮನೆಮದ್ದಿನ ಪರಂಪರೆಯಿಂದ ಬಂದುದಲ್ಲ. ಅದು ಬಂದ ದಾರಿಯನ್ನು ಗುರುತಿಸುವುದೇ ಇಲ್ಲಿ ನಮ್ಮ ಉದ್ದೇಶ.

ಗಡ್ಡೆಯು ಹೊಸ ರಕ್ತನಾಳಗಳನ್ನು ತನ್ನತ್ತ ಸೆಳೆದುಕೊಳ್ಳದೆ ಕೆಲವು ಮಿಲಿಮೀಟರುಗಳಿಗಿಂತ ಹೆಚ್ಚು ಬೆಳೆಯಲಾರದು, ಆದುದರಿಂದ ನಾಳಗಳನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ನರು 1971ರಲ್ಲಿ ವಾದಿಸಿದರು. 1983ರಲ್ಲಿ ಸೆಂಗರ್, ಡ್ವೊರಾಕ್ ಮೊದಲಾದವರು ಗಡ್ಡೆಗಳು ಸ್ರವಿಸುವ, ನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ವರ್ಣಿಸಿದರು. ನಾಳಗಳನ್ನು ಬೆಳೆಯಿಸುವುದೂ ಅದೇ ಎಂಬುದು 1989ರಲ್ಲಿ ಸ್ಪಷ್ಟವಾಯಿತು. ವಿ.ಇ.ಜಿ.ಎಫ್. ಎಂಬುದು ಅದರ ಸಂಕ್ಷಿಪ್ತ ನಾಮ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತಿ ಸಾಲಿಮಠರೂ ಅವರ ಸಹಕಾರಿಗಳೂ ಈ ಪ್ರೋಟೀನನ್ನೇ ಗುರಿಯಾಗಿಟ್ಟುಕೊಂಡು ನಮ್ಮ ಪರಿಚಿತ ಸಸ್ಯಗಳನ್ನು ಪರೀಕ್ಷಿಸಿದರು. ಅವರು ಆರಿಸಿಕೊಂಡ ಎರ್ಲಿಕ್ ಗಡ್ಡೆಯು ಇಲಿಯ ಉದರದಲ್ಲಿ ನೀರು ತುಂಬಿಕೊಳ್ಳುವಂತೆ ಮಾಡುತ್ತದೆ. ನಾಳಗಳು ಹೆಚ್ಚಿ, ಸೋರಿದಷ್ಟೂ ಹೊಟ್ಟೆ ಊದುತ್ತದೆ. ಹೀಗೆ ಕಣ್ಣಿಗೆ ಕಾಣದ ಪ್ರಕ್ರಿಯೆಯನ್ನು ಅಳತೆಗೆ ತಂದದ್ದು ಜಾಣ್ಮೆಯ ಕೆಲಸವೆಂದೇ ನಾವು ಭಾವಿಸುತ್ತೇವೆ. ಇದರ ಜೊತೆಗೆ, ಕಾವು ಕೊಟ್ಟ ಕೋಳಿಮೊಟ್ಟೆಯೊಳಗಿನ ಪೊರೆಯಲ್ಲಿ ನಾಳಗಳು ಕವಲೊಡೆಯುವುದನ್ನೂ ನೋಡಲಾಯಿತು. 2002ರಲ್ಲಿ ಅರಿಶಿನದ ಕರ್ಕ್ಯುಮಿನ್, 2006ರಲ್ಲಿ ಜ್ಯೇಷ್ಠಮಧುವಿನ ನೀರಿನ ಸಾರ, 2008ರಲ್ಲಿ ಅಮೃತಬಳ್ಳಿಯಿಂದ ಬೇರ್ಪಡಿಸಿದ ಆಕ್ಟಾಕೊಸನಾಲ್ ಕುರಿತ ಫಲಿತಾಂಶಗಳು ಪ್ರಕಟವಾದವು. ಮೂರೂ ಹೊಸ ನಾಳಗಳನ್ನು ಕುಗ್ಗಿಸಿದವು. ಆಕ್ಟಾಕೊಸನಾಲ್ ವಿ.ಇ.ಜಿ.ಎಫ್. ತಯಾರಿಕೆಗೆ ಕಾರಣವಾದ ಜೀನಿನ ಕಾರ್ಯವನ್ನೇ ತಗ್ಗಿಸುತ್ತದೆಂದು ಅವರು ತೋರಿಸಿದರು.

ಇಲ್ಲಿ ಒಂದು ಸಂಗತಿಯನ್ನು ಓದುಗರು ಲಕ್ಷಿಸಬೇಕು. ಆಕ್ಟಾಕೊಸನಾಲ್ ಮೇಣದಂತಹ ವಸ್ತು, ಕಬ್ಬಿನ ಮೇಣದಲ್ಲಿಯೂ ಇರುವಂತಹುದು, ನೀರಿನಲ್ಲಿ ಕರಗುವುದಿಲ್ಲ. ಜ್ಯೇಷ್ಠಮಧುವಿನ ವಿಷಯದಲ್ಲಿ ಪರೀಕ್ಷೆಗೊಳಗಾದುದು ನೀರಿನ ಸಾರವೇ ಆಗಿದ್ದಿತು, ಅಮೃತಬಳ್ಳಿಯಲ್ಲಿ ಹಾಗಲ್ಲ. ಬೂದಿಗೆರೆಯ ಅಜ್ಜಿಯು ಕಾಸುವ ಕಷಾಯಕ್ಕೆ ಈ ವಸ್ತು ಇಳಿಯುವುದು ಅತ್ಯಲ್ಪವೆಂದೇ ಊಹಿಸಬೇಕಾಗುತ್ತದೆ. ಇಲಿಯಲ್ಲಿ ಕಂಡ ಫಲವನ್ನು ಕಷಾಯದ ಲೋಟಕ್ಕೆ ಆರೋಪಿಸಿ, ಅರ್ಬುದರೋಗಿಯು ಆಸ್ಪತ್ರೆಯ ಚಿಕಿತ್ಸೆಯನ್ನು ಬಿಡುವಂತೆ ಮಾಡುವುದು ಅನ್ಯಾಯ. ವಿ.ಇ.ಜಿ.ಎಫ್. ಅನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆತುದು ರೋಗಿಗಳ ಮೇಲಿನ ಪ್ರಯೋಗಗಳ ಅನಂತರವೇ. ಗಾಯ ಮಾಯುವುದಕ್ಕೂ ಹೊಸ ನಾಳಗಳು ಬೇಕಾದ ಕಾರಣ, ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಅದನ್ನು ಕೊಡುವುದಿಲ್ಲ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಬಳಕೆಯು ಬಹಳ ಹೆಚ್ಚಿತು. 2021ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ರೋಗಿಗಳು ಸೇವಿಸಿದ ಬಳ್ಳಿಯ ಪ್ರಭೇದವನ್ನು ಸರಿಯಾಗಿ ಗುರುತಿಸಿಲ್ಲವೆಂದು ಕೇಂದ್ರದ ಆಯುಷ್ ಸಚಿವಾಲಯವು ಅದನ್ನು ಆಕ್ಷೇಪಿಸಿತು. ಬೇಲಿಯಿಂದ ಕಿತ್ತು ತಂದ ಬಳ್ಳಿಗೂ ಆ ಆಕ್ಷೇಪಣೆಯು ಅನ್ವಯಿಸುತ್ತದೆ.