ಗ್ರೀನ್‌ಸ್ಟೆಡ್ಡಿನ ದಾರುದೇವಾಲಯದ ಕಾಲವಿಚಾರ

ಇಂಗ್ಲೆಂಡ್ ದೇಶದ ಎಸೆಕ್ಸ್ ಪ್ರಾಂತದಲ್ಲಿ, ಚಿಪ್ಪಿಂಗ್ ಆಂಗರ್ ಎಂಬ ಪೇಟೆಗೆ ಪಶ್ಚಿಮವಾಗಿ ಸುಮಾರು ಒಂದು ಮೈಲಿಯ ದೂರದಲ್ಲಿರುವ ಗ್ರೀನ್‌ಸ್ಟೆಡ್ ಗ್ರಾಮದ ಸಂತ ಆಂಡ್ರೂಸನ ಇಗರ್ಜಿಯು ಗಾತ್ರದಲ್ಲಿ ಅಲ್ಪವಾದರೂ ಪ್ರಾಚೀನತೆಯಿಂದ ಸುಪ್ರಸಿದ್ಧವಾದುದು. ಆ ದೇಶದಲ್ಲಿ ಉಳಿದು ಬಂದಿರುವ ಪುರಾತನ ಇಗರ್ಜಿಗಳು ಬಹುಮಟ್ಟಿಗೆ ಶಿಲಾಮಯವಾದುವು. ಇದರ ಗೋಡೆಗಳಾದರೋ ಓಕ್ ಮರದವು.

ಮರದ ಕಾಂಡಗಳನ್ನು ಉದ್ದಕ್ಕೆ ಸೀಳಿ, ಸಮತಲವಾದ ಮೈಯು ಒಳಕ್ಕೂ ದುಂಡಾದ ಮೈಯು ಹೊರಕ್ಕೂ ಬರುವಂತೆ ಒತ್ತಾಗಿ ನಿಲ್ಲಿಸಿರುವರು. ಅಂಚುಗಳಲ್ಲಿ ತೋಡು ಕೊರೆದು, ಎರಡರ ನಡುವೆ ತೆಳುವಾದ ಮರದ ಪಟ್ಟಿಯನ್ನು ಸೇರಿಸಿರುವುದರಿಂದ ಗಾಳಿಮಳೆಗಳಿಗೆ ಎಡೆಯಿಲ್ಲ. ೧೮೪೮ರಲ್ಲಿ ಆರಂಭವಾದ ಜೀರ್ಣೋದ್ಧಾರದಲ್ಲಿ ಶಿಥಿಲವಾಗಿದ್ದ ಬುಡಗಳನ್ನು ಕತ್ತರಿಸಿ, ಉಳಿದುದನ್ನು ಇಟ್ಟಿಗೆಯ ಪಾಯದ ಮೇಲೆ ನಿಲ್ಲಿಸಿದರು. ಪೂರ್ವದಿಕ್ಕಿನ ಇಟ್ಟಿಗೆಯ ವೇದಿಕಾಗೃಹವು ೧೫೦೦ರ ಸುಮಾರಿನದು. ಪಶ್ಚಿಮದ ಹಲಗೆಯ ಗೋಪುರದಲ್ಲಿರುವ ಒಂದು ಗಂಟೆಯ ಮೇಲೆ ೧೬೧೮ ಎಂಬ ವರ್ಷವು ಕಾಣುತ್ತದೆ. ಆದುದರಿಂದ ಕಾಲನಿರ್ಣಯಕ್ಕೆ ಆಧಾರವಾಗತಕ್ಕುದು ಸಭಾಂಗಣದ ಮರದ ಗೋಡೆಯೊಂದೇ.

ಪೂರ್ವ ಆಂಗ್ಲಿಯದ ಅರಸನಾದ ಎಡ್ಮಂಡನು ೮೬೯ರಲ್ಲಿ ಡೇನರಿಂದ ಹತನಾಗಿ, ಮುಂದೆ ಸಂತನೆಂದು ಪೂಜಿತನಾದನು. ೧೦೧೩ರಲ್ಲಿ ಆತನ ಅವಶೇಷಗಳನ್ನು ಲಂಡನ್ನಿನಿಂದ ಬರಿಗೆ ಕೊಂಡೊಯ್ಯುತ್ತಿದ್ದಾಗ ಅವನ್ನು ಈ ಇಗರ್ಜಿಯಲ್ಲಿ ಇಳಿಸಿದ್ದರೆಂಬುದು ಐತಿಹ್ಯ. ಇದರ ಮೇಲೆ ಕಟ್ಟಡವು ಆ ವರ್ಷಕ್ಕಿಂತ ಹಿಂದಿನದೆಂದೂ, ಒಂಬತ್ತನೆಯ ಶತಮಾನದ್ದೆಂದೂ ಹಲವರು ಹೇಳುತ್ತಿದ್ದರು. ಆದರೆ ೧೯೯೫ರಲ್ಲಿ ಮರದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಲಾಗಿ, ಉಳಿದಿರುವ ಕೊನೆಯ ಉಂಗುರವು ೧೦೫೩ನೆಯ ವರ್ಷದ್ದೆಂದು ತಿಳಿದುಬಂದಿತು. ಹೊರಮೈಯ ಉಂಗುರಗಳು ನಷ್ಟವಾಗಿರುವುದರಿಂದ, ಮರ ಕಡಿದ ಕಾಲವು ಅದಕ್ಕೆ ೧೦ರಿಂದ ೫೫ ವರ್ಷಗಳ ಈಚೆ, ಎಂದರೆ ೧೦೬೩ಕ್ಕೂ ೧೧೦೮ಕ್ಕೂ ನಡುವೆ, ಇರಬೇಕೆಂದು ಗಣಿಸಿದರು.

ಹಾಗಾದರೆ ಐತಿಹ್ಯವನ್ನು ತಳ್ಳಿಬಿಡಬೇಕೆ? ಅದಕ್ಕೆ ಮೂಲವಾದ ಬರಿ ಮಠದ ಲೇಖವನ್ನು ಗಮನಿಸಬೇಕು. ಸಂತನ ಕಳೇಬರವು ಆಂಗರಿನ ಬಳಿ ತಂಗಿತೆಂದೂ, ಆತನ ಸ್ಮರಣಾರ್ಥವಾದ ಮರದ ಗುಡಿಯೊಂದು ಅಲ್ಲಿ ಇನ್ನೂ ಇದೆಯೆಂದೂ ಅದರ ತಾತ್ಪರ್ಯ. ಕಳೇಬರವನ್ನು ಆ ಗುಡಿಯೊಳಗೇ ಇರಿಸಿದರೆಂದು ಅದು ಹೇಳುವುದಿಲ್ಲ. ಗ್ರೀನ್‌ಸ್ಟೆಡ್ಡಿನ ಹೆಸರನ್ನೂ ಎತ್ತುವುದಿಲ್ಲ. ಸ್ಮಾರಕವೆಂಬುದು ಘಟನೆಯ ಅನಂತರ ಹುಟ್ಟತಕ್ಕುದಲ್ಲವೆ? ಅರ್ಧ ಶತಮಾನದ ಮೇಲೆ ಕಟ್ಟಿದ ಗುಡಿಯೂ ಈ ವಾಕ್ಯಕ್ಕೆ ಸಲ್ಲುತ್ತದೆ. ಅಲ್ಲದೆ ೧೯೬೦ರ ಉತ್ಖನನದಲ್ಲಿ ವೇದಿಕಾಗೃಹದ ಅಡಿಯಲ್ಲಿ ಇನ್ನೂ ಹಳೆಯ ಎರಡು ಮರದ ಕಟ್ಟಡಗಳ ಕುರುಹು ದೊರೆತಿರುವುದರಿಂದ, ಸ್ಥಳದ ಪಾವಿತ್ರ್ಯವು ಈಗಿನ ಗೋಡೆಗಿಂತ ಪ್ರಾಚೀನವೆಂದು ಊಹಿಸಲವಕಾಶವಿದೆ.

ಆದುದರಿಂದ ಮರದ ಸಾಕ್ಷ್ಯವು ಲೇಖವನ್ನು ಸುಳ್ಳುಮಾಡಲಿಲ್ಲ. ಲೇಖದಲ್ಲಿಲ್ಲದುದನ್ನು ಅದರ ಮೇಲೆ ಹೊರಿಸಿದ ವ್ಯಾಖ್ಯಾನವನ್ನು ಮಾತ್ರ ನಿರಾಕರಿಸಿತು. ಲೇಖ, ಐತಿಹ್ಯ, ಕಟ್ಟಡ ಇವು ಮೂರು ಬೇರೆಬೇರೆಯಾದ ಸಾಕ್ಷಿಗಳು. ಒಂದರ ಮಾತನ್ನು ಮತ್ತೊಂದರ ಬಾಯಲ್ಲಿ ನುಡಿಸದೆ ಪ್ರತ್ಯೇಕವಾಗಿ ವಿಚಾರಿಸುವುದೇ ಯುಕ್ತವಾದ ಕ್ರಮ.