ತಾತನ ಕೋವಿಯ ನಾಲ್ಕು ಇಂಚು

ಹೋದ ಆಯುಧಪೂಜೆಗೆ ಮಲ್ಲಿಪಟ್ಟಣಕ್ಕೆ ಹೋದಾಗ, ಇನ್ನೂ ಕೈತೊಳೆಯೋಕೂ ಬಿಡದೆ ಚಿಕ್ಕಪ್ಪ ಮೊಬೈಲ್ ಹಿಡಿದು ಬಂದರು. ಯೂಟ್ಯೂಬಿನಲ್ಲಿ ಒಬ್ಬ ಅಮೆರಿಕದವನು ಬಂದೂಕಿನ ನಳಿಗೆಯ ಬಾಯೊಳಗೆ ಬೆರಳುದ್ದದ ಉಕ್ಕಿನ ಕೊಳವೆಯೊಂದನ್ನು ತಿರುಪಿ ಕೂರಿಸುತ್ತಿದ್ದ.

"ಇದನ್ನ ನಮ್ ಕೋವಿಗೂ ಹಾಕಿಸ್ಬೋದೇನ್ಲಾ? ನೀನು ಮೆಕ್ಯಾನಿಕಲ್ ಓದಿದೋನು, ನೋಡಿ ಹೇಳು."

ನಾನು ಮೆಕ್ಯಾನಿಕಲ್ ಓದಿದ್ದು ನಿಜ. ಆದರೆ ನಿಮ್ಮಲ್ಲಿ ಅರ್ಧ ಜನರ ಹಾಗೆ, ಅದಾದ ಮೇಲೆ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಇನ್ನಾವ ಯಂತ್ರವನ್ನೂ ಮುಟ್ಟಿಲ್ಲ. ಆದರೂ ಚಿಕ್ಕಪ್ಪ ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?

ನಮ್ಮ ಮನೆಯದು 12 ಬೋರಿನ ಜೋಡುನಳಿಗೆ ಕೋವಿ. ತಾತ ಕೊಂಡಿದ್ದು, ಈಗ ಲೈಸೆನ್ಸ್ ಚಿಕ್ಕಪ್ಪನ ಹೆಸರಲ್ಲಿದೆ. ನಮ್ಮೂರಿಂದ ಕೊಡಗಿನ ಗಡಿ ದೂರವಿಲ್ಲ. ಗಡಿ ದಾಟಿ ಕೊಡ್ಲಿಪೇಟೆ, ಶನಿವಾರಸಂತೆ ಕಡೆ ಹೋದರೆ ಕೋವಿಯ ಕಾನೂನೇ ಬೇರೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. (ಹೌದು, ಕಬ್ಬನ್ ಪಾರ್ಕಿನ ಅದೇ ಕಬ್ಬನ್.) ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಗಡಿಯ ಈಚೆ ಇರುವ ನಮಗೆ ಮಾತ್ರ ಲೈಸೆನ್ಸ್, ನವೀಕರಣ, ಎಲೆಕ್ಷನ್ ಬಂತೆಂದರೆ ಕೋವಿಯನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ಬರೋದು.

ಇರಲಿ. ಚಿಕ್ಕಪ್ಪನಿಗೆ ಬೇಕಿದ್ದ ಆ ಕೊಳವೆಯ ಹೆಸರು ಚೋಕ್.

ಈ ಕೋವಿಯಿಂದ ಹೊರಡೋದು ಒಂದು ಗುಂಡಲ್ಲ, ಹಿಡಿಯಷ್ಟು ಸೀಸದ ಚರೆ. ನಳಿಗೆ ದಾಟುತ್ತಿದ್ದಂತೆ ಚರೆ ಹರಡಿಕೊಳ್ಳುತ್ತದೆ. ನಳಿಗೆಯ ಕೊನೆಯ ಒಂದೆರಡು ಇಂಚನ್ನು ತುಸು ಕಿರಿದು ಮಾಡಿದರೆ, ಹಟ್ಟಿಯ ಕಿರುಬಾಗಿಲಲ್ಲಿ ಕುರಿಗಳು ಒತ್ತೊತ್ತಾಗಿ ಹೊರಬಂದ ಹಾಗೆ ಚರೆಯೂ ಒತ್ತಾಗಿ ಹೋಗುತ್ತದೆ. ಹೀಗೆ ಕಿರಿದು ಮಾಡುವುದೇ ಚೋಕ್. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಪೂರ್ತಿ ಚೋಕ್ ಅಂದರೆ ಅದರಲ್ಲಿ ಬರೀ 1 ಮಿ.ಮೀ. ಕಡಿಮೆ. ಆದರೆ ಆ ಒಂದು ಮಿಲಿಮೀಟರಿನ ಪ್ರಭಾವ ನೋಡಿ: 40 ಗಜ ದೂರದಲ್ಲಿ 30 ಇಂಚು ಅಗಲದ ವೃತ್ತ ಬರೆದರೆ, ಚೋಕ್ ಇಲ್ಲದ ಕೋವಿಯ ಚರೆಯಲ್ಲಿ ಸುಮಾರು ಶೇ. 40ರಷ್ಟು ಅದರೊಳಗೆ ಬೀಳುತ್ತದೆ, ಪೂರ್ತಿ ಚೋಕ್ ಇದ್ದರೆ ಶೇ. 70.

ಇದನ್ನು ಮೊದಲು ಕಂಡುಹಿಡಿದವರು ಯಾರು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಪೇಪ್ 1866ರಲ್ಲಿ ಪೇಟೆಂಟ್ ಪಡೆದ. ಅಮೆರಿಕನ್ನರು ಇಲಿನಾಯ್‌ನ ಬಾತುಕೋಳಿ ಬೇಟೆಗಾರ ಫ್ರೆಡ್ ಕಿಂಬಲ್‌ನ ಹೆಸರು ಹೇಳುತ್ತಾರೆ. 1870ರ ದಶಕದಲ್ಲಿ ಇದನ್ನು ಹದಕ್ಕೆ ತಂದು ಜನಪ್ರಿಯ ಮಾಡಿದ್ದು ಬರ್ಮಿಂಗ್‌ಹ್ಯಾಮಿನ ಗ್ರೀನರ್. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಚೋಕ್ ಕೂಡ ಹೊಸದೇನಲ್ಲ. 1868ರಲ್ಲೇ ರೋಪರ್ ಎಂಬ ಅಮೆರಿಕನ್ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ.

ನಮ್ಮ ಕೋವಿಗೆ ಬರೋಣ. ಚಿಕ್ಕಪ್ಪ ಅದನ್ನು ಮಡಚಿ, ಎರಡೂ ನಳಿಗೆ ಖಾಲಿ ಇದೆ ಅಂತ ತೋರಿಸಿ, ನಳಿಗೆಗಳನ್ನು ಬಿಚ್ಚಿ ಜಗುಲಿಯ ಮೇಲಿಟ್ಟರು. ನಾನು ವರ್ನಿಯರ್ ಕ್ಯಾಲಿಪರ್ ಹಿಡಿದು ಬಾಯಿ ಅಳೆದೆ. ಎರಡರದ್ದೂ 18.5. ಅಂದರೆ ಚೋಕ್ ಇಲ್ಲವೇ ಇಲ್ಲ. ಉದ್ದ 26 ಇಂಚು. ಎರಡು ನಳಿಗೆಯ ನಡುವಿನ ಸಂದಿಯನ್ನು ತುದಿಯಲ್ಲಿ ಸೀಸದ ಬೆಸುಗೆಯಿಂದ ಒರಟಾಗಿ ತುಂಬಿದ್ದರು.

ಆಮೇಲೆ ನಳಿಗೆಯ ಬುಡವನ್ನು ತಿರುಗಿಸಿ ನೋಡಿದೆ. ಎಣ್ಣೆಜಿಡ್ಡು ಒರೆಸಿದ ಮೇಲೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಗಳು ಕಂಡವು. ಅವುಗಳ ಪಕ್ಕದಲ್ಲಿ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಂದು ಪದ: ಚೋಕ್. ಕಿರಿದುಬಾಯಿಯ ನಳಿಗೆಗೆ ಅಲ್ಲಿನ ಪರೀಕ್ಷಾಲಯ 1887ರಿಂದ ಒತ್ತುತ್ತಿದ್ದ ಮುದ್ರೆ ಅದು. ಬುಡ ಹೇಳುತ್ತಿದೆ ಚೋಕ್ ಇದೆ ಅಂತ, ಬಾಯಿ ಹೇಳುತ್ತಿದೆ ಇಲ್ಲ ಅಂತ. ಎರಡೂ ನಿಜವಾಗಬೇಕಾದರೆ ಯಾರೋ ತುದಿಯನ್ನು ಕೊಯ್ದಿರಲೇಬೇಕು. ಆ ಕಾಲದ ಬಹಳಷ್ಟು ನಳಿಗೆಗಳು 30 ಇಂಚಿನವು. ನಾಲ್ಕು ಇಂಚು ಹೋಗಿದೆ, ಜೊತೆಗೆ ಚೋಕೂ ಹೋಗಿದೆ.

"ಹೂಂ ಕಣ್ಲಾ, ನಮ್ಮಪ್ಪನೇ ಕೊಯ್ಸಿದ್ದು. ಕಾಡಲ್ಲಿ ಓಡಾಡಕ್ಕೆ ಸಲೀಸು ಅಂತ" ಅಂದರು ಚಿಕ್ಕಪ್ಪ. "ಅದ್ಕೇ ಹೇಳಿದ್ದು, ಮೂಗು ಕೊಯ್ದಂಗೈತೆ. ಮತ್ತೆ ಸರಿ ಮಾಡ್ಸನ."

ಸರಿ ಮಾಡಿಸೋದು ಯಾಕೆ ಆಗಲ್ಲ ಅನ್ನೋದೇ ಇಲ್ಲಿ ವಿಷಯ. ತಿರುಪು ಚೋಕ್ ಕೂರಿಸಬೇಕಾದರೆ ನಳಿಗೆಯ ಒಳಗೋಡೆಯನ್ನು ಕೊರೆದು ಅಗಲ ಮಾಡಿ, ಅದರಲ್ಲಿ ತಿರುಪಿನ ಗೆರೆ ತೆಗೆಯಬೇಕು. ಅದಕ್ಕೆ ಗೋಡೆಯಲ್ಲಿ ಕಬ್ಬಿಣ ಇರಬೇಕಲ್ಲ? ಹಳೆಯ ಇಂಗ್ಲಿಷ್ ಕೋವಿಗಳ ನಳಿಗೆ ಬುಡದಲ್ಲಿ ದಪ್ಪ, ಮುಂದೆ ಹೋದಂತೆ ತೆಳು, ಚೋಕ್ ಇರುವ ಕೊನೆಯಲ್ಲಿ ಮತ್ತೆ ತುಸು ದಪ್ಪ. ತುದಿ ಕೊಯ್ದಾಗ ಆ ದಪ್ಪದ ಭಾಗವೇ ಹೋಯಿತು. ಈಗ ಬಾಯಿ ಇರೋದು ನಳಿಗೆಯ ತೀರಾ ತೆಳುವಾದ ಜಾಗದಲ್ಲಿ. ನಮ್ಮದರ ಗೋಡೆ ಅಳೆದೆ, ಮುಕ್ಕಾಲು ಮಿಲಿಮೀಟರ್. ಅದರಲ್ಲಿ ಗೆರೆ ಕೊರೆದರೆ ಉಳಿಯೋದು ತಗಡು. ಜೊತೆಗೆ ಜೋಡುನಳಿಗೆಗಳು ಸಮಾನಾಂತರ ಇರುವುದಿಲ್ಲ, ಮುಂದಕ್ಕೆ ಹೋದಂತೆ ಒಂದಕ್ಕೊಂದು ವಾಲಿರುತ್ತವೆ. ಕೊರೆಯುವವನು ಕೂದಲೆಳೆಯಷ್ಟು ತಪ್ಪಿದರೂ ಚರೆ ಹೋಗಿ ಕೊಳವೆಯ ಅಂಚಿಗೆ ಬಡಿಯುತ್ತದೆ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ವೃತ್ತಿಗೂ ಲೈಸೆನ್ಸ್ ಬೇಕು, ನಳಿಗೆ ಮೊಟಕು ಮಾಡೋಕೂ ಬೇಕು. ಪೇಟೆಯ ಯಾವುದೋ ಲೇತ್ ಅಂಗಡಿಗೆ ಕೊಟ್ಟು ಮಾಡಿಸುವ ಕೆಲಸ ಇದಲ್ಲ.

ಇದನ್ನೆಲ್ಲ ನಾನು ಹೇಳುವಾಗ ಅಜ್ಜಿ ಗೋಡೆಗೊರಗಿ ಅಡಿಕೆ ಕುಟ್ಟುತ್ತಾ ಕೂತಿದ್ದರು. ಒಳಗೋಡೆ ಕೊರೆಯುವ ಮಾತು ಬಂದದ್ದೇ ಕುಟ್ಟೋದು ನಿಂತಿತು.

"ಸಲೀಸೂ ಇಲ್ಲ ಗಿಲೀಸೂ ಇಲ್ಲ. ಅದರ ಮೂತಿ ಸಿಡಿದೋಗಿತ್ತು."

ಚಿಕ್ಕಪ್ಪ ತಿರುಗಿ ನೋಡಿದರು.

ನಮ್ಮಪ್ಪ ಆಗ ಕೈಗೂಸಂತೆ. ಮಳೆಗಾಲದ ರಾತ್ರಿ, ಆಲೂಗಡ್ಡೆ ಹೊಲಕ್ಕೆ ಹಂದಿ ನುಗ್ಗಿತ್ತು. ಬದುವಿನ ಮೇಲೆ ತಾತ ಜಾರಿ ಬಿದ್ದರು, ಕೋವಿಯ ಬಾಯಿ ಮಣ್ಣಿಗೆ ಹೂತಿತು. ಎದ್ದವರು ನಳಿಗೆ ನೋಡಲಿಲ್ಲ, ಸದ್ದು ಬಂದ ಕಡೆ ಈಡು ಹೊಡೆದರು. ಕೆಸರು ಕಟ್ಟಿದ ಬಾಯಿ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಬಿಚ್ಚಿಕೊಂಡಿತು. ಚೂರೊಂದು ಎಡ ಮುಂಗೈ ಸೀಳಿತು. ಲೈಸೆನ್ಸ್ ಹೋದೀತು ಅಂತ ಹೆದರಿ ಆಸ್ಪತ್ರೆಯಲ್ಲಿ ಹಂದಿ ಕೋರೆ ಹೊಡೆಯಿತು ಅಂದರು. ಆಮೇಲೆ ಅದೇ ಮಾತು ನಿಂತುಬಿಟ್ಟಿತು.

ಆ ಗಾಯದ ಗುರುತನ್ನು ಮುಟ್ಟಿ ಮುಟ್ಟಿ ನೋಡಿ ಬೆಳೆದವನು ನಾನು. ಹಂದಿಯ ಜೊತೆ ಗುದ್ದಾಡಿದ ತಾತನ ಕಥೆಯನ್ನು ಕಾಲೇಜಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೆನೋ! ಲೈಸೆನ್ಸ್ ಪುಸ್ತಕದಲ್ಲೂ ಇಲ್ಲದ, ತಾತನ ಬಾಯಲ್ಲೂ ಬಾರದ ಸಂಗತಿಗೆ ಉಳಿದಿದ್ದ ಸಾಕ್ಷಿ ಎರಡೇ: ಬುಡದ ಮುದ್ರೆ ಮತ್ತು ಅಜ್ಜಿ.

"ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ?" ಅಂತ ಚಿಕ್ಕಪ್ಪ ಕೇಳಿದರು.

"ನೀವ್ಯಾರೂ ಅದರ ಮೂತಿ ಮುಟ್ಟಕ್ಕೆ ಹೋಗಿರ್ಲಿಲ್ಲ. ಈಗ ಹೊಂಟಿದ್ದೀರಲ್ಲ."

ಚಿಕ್ಕಪ್ಪ ಮಾತಾಡಲಿಲ್ಲ. ನಳಿಗೆಗೆ ಎಣ್ಣೆಬಟ್ಟೆ ಸವರಿ, ಜೋಡಿಸಿ, ಕುಡುಗೋಲು, ಮಚ್ಚು, ಟ್ರ್ಯಾಕ್ಟರ್ ಕೀಲಿಯ ಪಕ್ಕ ಮಣೆಯ ಮೇಲಿಟ್ಟರು. ಪೂಜೆಗೆ ಮುಂಚೆ ಅಜ್ಜಿ ಬಂದು ಅದರ ಬಾಯಿಗೆ ಮೆತ್ತಿದ್ದ ಅರಿಶಿನವನ್ನು ಸೆರಗಿನಿಂದ ಒರೆಸಿ, ಕುಂಕುಮವನ್ನು ಮರದ ಹಿಡಿಗೆ ಮಾತ್ರ ಇಟ್ಟರು.