ಹಳೆಯ ಕಾರಿನ ಎಣ್ಣೆ ಸೋರಿಕೆ: ಒಂದು ಚಾರಿತ್ರಿಕ ನೋಟ

ಹಳೆಯ ಕಾರು ನಿಂತ ಜಾಗದಲ್ಲಿ ಎಣ್ಣೆಯ ಕಲೆ ಇದ್ದೇ ಇರುತ್ತದೆ ಎಂಬುದು ಒಂದು ಕಾಲಕ್ಕೆ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಮುಂಬಯಿ, ಪುಣೆಗಳ ನಮ್ಮವರು ಬೇಸಿಗೆಯ ರಜೆಯಲ್ಲಿ ಅಂಬಾಸಿಡರ್ ಹತ್ತಿ ಬೆಳಗಾವಿ, ಹುಬ್ಬಳ್ಳಿಗಳ ದಾರಿ ಹಿಡಿಯುವಾಗ ಡಿಕ್ಕಿಯಲ್ಲಿ ಚಕ್ಕುಲಿಯ ಡಬ್ಬದ ಪಕ್ಕಕ್ಕೆ ಎಂಜಿನ್ ಆಯಿಲಿನ ಡಬ್ಬವನ್ನೂ ಇಡುತ್ತಿದ್ದರು. ಸೋರಿಕೆ ನಿಲ್ಲದಿದ್ದರೆ ಕೆಲವರು ಮೆಕ್ಯಾನಿಕನನ್ನು ದೂರುತ್ತಿದ್ದರು. ಕೆಲವರು ಕಾರು ಮಾರಿದವನನ್ನು. ಈ ದೂರುಗಳಲ್ಲಿ ಎಷ್ಟು ನ್ಯಾಯವಿತ್ತು ಎಂಬುದನ್ನು ತಿಳಿಯಬೇಕಾದರೆ ಎಂಜಿನ್ನಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಇಂದಿಗೂ ಹಳೆಯ ಕಾರನ್ನು ಇಟ್ಟುಕೊಂಡಿರುವವರಿಗೆ ಇದರಿಂದ ನಾಲ್ಕು ಕಾಸು ಉಳಿದರೂ ಉಳಿಯಬಹುದು.

ಎತ್ತಿನ ಗಾಡಿಯ ಅಚ್ಚಿಗೆ ಹಾಕಿದ ಕೀಲೆಣ್ಣೆ ದಾರಿಯುದ್ದಕ್ಕೂ ಸೋರಿಹೋಗುತ್ತದೆಂದು ಯಾವ ರೈತನೂ ಕೊರಗಿದ್ದಿಲ್ಲ. ಮೊಟ್ಟಮೊದಲ ಮೋಟಾರು ಕಾರುಗಳದೂ ಹೆಚ್ಚು ಕಡಿಮೆ ಇದೇ ಪದ್ಧತಿ. ಒಂದು ಸಣ್ಣ ಪಾತ್ರೆಯಿಂದ ಎಣ್ಣೆ ತೊಟ್ಟಿಕ್ಕಿ ಬೇರಿಂಗುಗಳಿಗೆ ಬೀಳುತ್ತಿತ್ತು. ತನ್ನ ಕೆಲಸ ಮುಗಿದ ಮೇಲೆ ಅಷ್ಟಿಷ್ಟು ಉರಿದು, ಉಳಿದದ್ದು ರಸ್ತೆಯ ಪಾಲಾಗುತ್ತಿತ್ತು. ಮುಂದೆ ಎಂಜಿನ್ನಿನ ತಳದಲ್ಲಿ ಸಂಪ್ ಎಂಬ ತೊಟ್ಟಿಯನ್ನು ಕೂರಿಸಿ, ಅಲ್ಲಿನ ಎಣ್ಣೆಯನ್ನೇ ಪಂಪು ಮತ್ತೆ ಮತ್ತೆ ಮೇಲಕ್ಕೆ ಕಳುಹಿಸುವ ಏರ್ಪಾಡು ಬಂದಿತು. ಎಣ್ಣೆಯನ್ನು ಒಳಗೇ ಹಿಡಿದಿಡಬೇಕೆಂಬ ಸಮಸ್ಯೆ ಹುಟ್ಟಿದ್ದು ಆಗಲೇ.

ಮುಚ್ಚಳ, ತೊಟ್ಟಿಗಳಂತಹ ಅಲುಗದ ಕೀಲುಗಳನ್ನು ಭದ್ರಪಡಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳಲ್ಲಿ. ಮುಂದೆ ಫ್ಯಾನಿನ ಪುಲ್ಲಿಗಾಗಿ, ಹಿಂದೆ ಫ್ಲೈವೀಲಿಗಾಗಿ ಆ ದಂಡ ಎಂಜಿನ್ನಿನಿಂದ ಹೊರಗೆ ಬರಲೇಬೇಕು. ಅದೂ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ. ಇಂತಹ ಸಂದಿಯನ್ನು ಮುಚ್ಚಲು ಹಿಂದಿನವರ ಬಳಿ ಇದ್ದದ್ದು ತೊಗಲು, ಉಣ್ಣೆಯ ಫೆಲ್ಟ್, ಓಕ್ ಜಾತಿಯ ಮರದ ತೊಗಟೆಯಾದ ಕಾರ್ಕ್ ಮತ್ತು ಗ್ರಾಫೈಟ್ ಸವರಿದ ಹಗ್ಗ. ತೊಗಲು ಕಾವಿಗೆ ಬಿರುಸಾಗುತ್ತದೆ. ಫೆಲ್ಟ್ ಎಣ್ಣೆಯನ್ನು ತಡೆಯುವುದಕ್ಕಿಂತ ಹೀರುವುದೇ ಹೆಚ್ಚು. ಕಾರ್ಕ್ ವರ್ಷಗಳು ಕಳೆದಂತೆ ಕುಗ್ಗಿ ಸೀಳುತ್ತದೆ. ರಬ್ಬರನ್ನೇ ಹಾಕಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಮರದಿಂದ ಬರುವ ಸಹಜ ರಬ್ಬರು ಖನಿಜ ತೈಲದಲ್ಲಿ ಉಬ್ಬಿ ಮೆತ್ತಗಾಗಿ ಕೆಟ್ಟುಹೋಗುತ್ತದೆ.

ಉತ್ತರ ಬಂದದ್ದು ಜರ್ಮನಿಯಿಂದ. 1930ರ ಸುಮಾರಿಗೆ ಅಲ್ಲಿನ ರಸಾಯನ ವಿಜ್ಞಾನಿಗಳು ಎಣ್ಣೆಗೆ ಜಗ್ಗದ ನೈಟ್ರೈಲ್ ಎಂಬ ಕೃತಕ ರಬ್ಬರನ್ನು ತಯಾರಿಸಿದರು. ವೈನ್‌ಹೈಮ್ ಎಂಬ ಊರಿನ ಫ್ರಾಯ್ಡೆನ್‌ಬರ್ಗ್ ಸಂಸ್ಥೆ ಮೂಲತಃ ಚರ್ಮ ಹದಮಾಡುವ ಕಾರ್ಖಾನೆ; ಮೊದಲು ತೊಗಲಿನಿಂದಲೇ ಎಣ್ಣೆ ಸೀಲುಗಳನ್ನು ಮಾಡುತ್ತಿದ್ದ ಅದು 1930ರ ದಶಕದಲ್ಲೇ ಕೃತಕ ರಬ್ಬರಿಗೆ ಬದಲಾಯಿಸಿತು. ತೆಳುವಾದ ಒಂದು ರಬ್ಬರ್ ತುಟಿ, ಅದನ್ನು ಶಾಫ್ಟಿಗೆ ಒತ್ತಿ ಹಿಡಿಯಲು ಬಳೆಯಂತಹ ಒಂದು ಸ್ಪ್ರಿಂಗ್: ಇಂದಿನ ಆಯಿಲ್ ಸೀಲಿನ ರೂಪ ಇದೇ.

ಆದರೆ ಕಂಡುಹಿಡಿದದ್ದೆಲ್ಲ ಕೂಡಲೇ ಬಳಕೆಗೆ ಬರುವುದಿಲ್ಲ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳ ಬಣಗಳು ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. ಅದರ 1489 ಸಿಸಿಯ ‘ಬಿ’ ಶ್ರೇಣಿಯ ಎಂಜಿನ್ ಐವತ್ತರ ದಶಕದ ಮಧ್ಯದ್ದು. ಅದರ ಹಿಂಬದಿಯಲ್ಲಿ ರಬ್ಬರ್ ಸೀಲು ಇರಲಿಲ್ಲ. ಅದರ ಬದಲಿಗೆ ಶಾಫ್ಟಿನ ಮೇಲೆ ಸ್ಕ್ರೂವಿನಂತೆ ಸುತ್ತುಗಾಡಿಯನ್ನು ಕೊರೆದಿದ್ದರು. ಶಾಫ್ಟ್ ತಿರುಗಿದಂತೆ ಹೊರಗೆ ಹೊರಟ ಎಣ್ಣೆಯನ್ನು ಆ ಗಾಡಿ ಒಳಕ್ಕೆ ತಿರುಗಿಸಿ ತಳ್ಳುತ್ತಿತ್ತು. ಆರ್ಕಿಮಿಡೀಸನ ತಿರುಪು ನೀರನ್ನು ಮೇಲಕ್ಕೆತ್ತುವ ತತ್ತ್ವವೇ ಇದು. ಸವೆಯುವ ವಸ್ತುವಿಲ್ಲ, ಬದಲಾಯಿಸುವ ಖರ್ಚಿಲ್ಲ. ಕೊರತೆ ಒಂದೇ. ಎಂಜಿನ್ ನಿಂತೊಡನೆ ತಿರುಪೂ ನಿಲ್ಲುತ್ತದೆ. ಸಂದಿಯಲ್ಲಿ ಉಳಿದ ಎಣ್ಣೆ ಮೆಲ್ಲಗೆ ಹೊರಗಿಳಿಯುತ್ತದೆ.

ತಯಾರಕರಿಗೆ ಇದು ತಿಳಿಯದ ವಿಷಯವೇನಲ್ಲ. ಈ ಕುಲದ ಹಲವು ಕಾರುಗಳಲ್ಲಿ ಕ್ಲಚ್ಚಿನ ಗೂಡಿನ ತಳಕ್ಕೆ ಒಂದು ಸಣ್ಣ ತೂತು ಕೊರೆದು, ಅದು ಕೊಳೆಯಿಂದ ಮುಚ್ಚಿಕೊಳ್ಳದಂತೆ ಸದಾ ಅಲುಗಾಡುವ ಒಂದು ಸ್ಪ್ಲಿಟ್ ಪಿನ್ನನ್ನು ತೂಗುಬಿಟ್ಟಿದ್ದರು. ಸೋರಿದ ಎಣ್ಣೆ ಕ್ಲಚ್ಚಿಗೆ ತಗಲದೆ ಹೊರಗೆ ಬೀಳಲಿ ಎಂದೇ ಆ ತೂತು. ತೊಟ್ಟಿಕ್ಕುವುದನ್ನು ನಕ್ಷೆಯಲ್ಲೇ ಬರೆದುಕೊಂಡಿದ್ದರು ಎಂದರೂ ಸರಿಯೇ. ಇದನ್ನು ಅರಿಯದೆ ಆ ಪಿನ್ನನ್ನು ಕಿತ್ತು ತೂತಿಗೆ ಮೇಣ ಮೆತ್ತಿ, ಸೋರಿಕೆ ನಿಲ್ಲಿಸಿದೆವೆಂದು ಹಿಗ್ಗಿ, ಕೆಲವೇ ತಿಂಗಳಲ್ಲಿ ಕ್ಲಚ್ ಜಾರತೊಡಗಿದಾಗ ಪರದಾಡಿದವರುಂಟು.

ಇಂಗ್ಲೆಂಡಿನಲ್ಲಿ ಈ ಎಂಜಿನ್ನಿಗೆ 1964ರಲ್ಲಿ ಐದು ಬೇರಿಂಗುಗಳ ಹೊಸ ರೂಪ ಬಂದಾಗ ಹಿಂಬದಿಗೆ ರಬ್ಬರ್ ತುಟಿಯ ಸೀಲೂ ಬಂದಿತು. ನಮ್ಮ ದೇಶಕ್ಕೆ ಬಂದದ್ದು ಹಳೆಯ ಮೂರು ಬೇರಿಂಗಿನ ಎಂಜಿನ್. ಕಲಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಐವತ್ತರ ದಶಕದ ಕೊನೆಯಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಅಂಬಾಸಿಡರ್ ಎಂಬ ಹೆಸರಿನಿಂದ ತಯಾರಿಸತೊಡಗಿತು. ಸ್ವಲ್ಪ ಕಾಲದಲ್ಲೇ ಅದಕ್ಕೆ ಈ ಎಂಜಿನ್ ಕೂಡಿತು. ಲೈಸೆನ್ಸಿನ ಆ ದಿನಗಳಲ್ಲಿ ಕಾರು ಬೇಕೆಂದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯುವ ಗಿರಾಕಿ ಇರುವಾಗ ವಿನ್ಯಾಸ ಬದಲಾಯಿಸುವ ಅವಸರ ಯಾರಿಗಿದ್ದೀತು? ತೊಂಬತ್ತರ ದಶಕದ ಮೊದಲಲ್ಲಿ ಇಸುಜು ಎಂಜಿನ್ನಿನ ಮಾದರಿ ಬರುವವರೆಗೆ ನಮ್ಮವರ ನೆಲದ ಮೇಲೆ ಬೀಳುತ್ತಿದ್ದುದು ಐವತ್ತರ ದಶಕದ ಎಣ್ಣೆಯ ತೊಟ್ಟೇ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು.

ಇನ್ನೊಂದು ಕಾರಣವನ್ನೂ ಹೇಳಬೇಕು. ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಉರಿದ ಅನಿಲ ಸ್ವಲ್ಪ ಸ್ವಲ್ಪವೇ ಕೆಳಗಿನ ಗೂಡಿಗೆ ನುಸುಳುತ್ತದೆ. ಹಿಂದೆ ಅದನ್ನು ಒಂದು ಉಸಿರುಕೊಳವೆಯಿಂದ ನೇರವಾಗಿ ಬಯಲಿಗೆ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಹೊಗೆಮಂಜಿಗೆ ಇದೂ ಕಾರಣವೆಂದು ತಿಳಿದ ಮೇಲೆ 1961ರ ಮಾದರಿಯ ಕಾರುಗಳಿಂದ ಅಲ್ಲಿ, 1963ರಿಂದ ಅಮೆರಿಕದಲ್ಲೆಲ್ಲ, ಆ ಅನಿಲವನ್ನು ಎಂಜಿನ್ನೇ ಮತ್ತೆ ಹೀರಿ ಸುಡುವ ಏರ್ಪಾಡು ಬಂದಿತು. ಗಾಳಿಯ ಶುದ್ಧಿಗಾಗಿ ಮಾಡಿದ ಕೆಲಸದಿಂದ ಸೋರಿಕೆಯೂ ಇಳಿಯಿತು. ಏಕೆಂದರೆ ಒಳಗಿನ ಒತ್ತಡ ತಗ್ಗಿದರೆ ಎಣ್ಣೆಯನ್ನು ಹೊರಗೆ ನೂಕುವ ಬಲವೇ ಇರುವುದಿಲ್ಲ.

ಇಷ್ಟು ತಿಳಿದ ಮೇಲೆ ದುರಸ್ತಿಯ ಕ್ರಮ ತಾನೇ ಹೊಳೆಯುತ್ತದೆ. ಮೊದಲು ಎಂಜಿನ್ನನ್ನು ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಕೀಲುಗಳ ಮೇಲೆ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡಬೇಕು. ಎಲ್ಲಿ ಪೌಡರು ಒದ್ದೆಯಾಗಿದೆಯೋ ಅಲ್ಲಿ ಸೋರಿಕೆ. ನೋಡುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ. ಮೇಲಿನ ರಾಕರ್ ಮುಚ್ಚಳದಿಂದಲೋ ಪಕ್ಕದ ಟ್ಯಾಪೆಟ್ ಮುಚ್ಚಳದಿಂದಲೋ ಹೊರಟ ಎಣ್ಣೆ, ಓಡುವ ಗಾಳಿಗೆ ಹಿಂದಕ್ಕೆ ಹರಿದು, ತಳದಲ್ಲಿ ತೊಟ್ಟಿಕ್ಕುತ್ತದೆ. ನಮ್ಮ ನೆರೆಮನೆಯವರ ಕಾರಿನ ಸಂಪ್ ಗ್ಯಾಸ್ಕೆಟ್ಟನ್ನು ಒಂದು ಗ್ಯಾರೇಜಿನವರು ಮೂರು ಸಲ ಬದಲಾಯಿಸಿದ್ದರು. ಕೊನೆಗೆ ನೋಡಿದರೆ ದೋಷವಿದ್ದದ್ದು ಟ್ಯಾಪೆಟ್ ಮುಚ್ಚಳದ ಕಾರ್ಕಿನಲ್ಲಿ. ಕಾರ್ಕನ್ನು ಮಿತಿಮೀರಿ ಬಿಗಿದರೆ ಅದು ಹಿಂಡಿಹೋಗಿ ಸೋರಿಕೆ ಹೆಚ್ಚುತ್ತದೆ. ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದರೆ ಅದರ ಚೂರುಗಳು ಒಳಗೆ ಬಿದ್ದು ಎಣ್ಣೆಯ ಜರಡಿಯನ್ನೇ ಕಟ್ಟಬಹುದು.

ಎರಡನೆಯದಾಗಿ ಉಸಿರುಕೊಳವೆಯನ್ನು ಶುಚಿ ಮಾಡಬೇಕು. ಅದು ಕಟ್ಟಿಕೊಂಡಿದ್ದರೆ, ಇಲ್ಲವೇ ರಿಂಗುಗಳು ಸವೆದಿದ್ದರೆ, ಹೊಸ ಸೀಲುಗಳಿಗೆ ಹಾಕಿದ ಹಣ ವ್ಯರ್ಥ. ಇವೆಲ್ಲ ಸರಿಯಾದ ಮೇಲೂ ಹಿಂಬದಿಯಿಂದ ರಾತ್ರಿಗೆ ನಾಲ್ಕು ಹನಿ ಬಿದ್ದರೆ ಅದು ಆ ಕಾರಿನ ಜಾಯಮಾನ. ಅದಕ್ಕಾಗಿ ಎಂಜಿನ್ ಇಳಿಸುವ ಗೋಜು ಬೇಡ. ಧಾರೆಯಾಗಿ ಇಳಿದರೆ ಮಾತ್ರ ಬೇರಿಂಗ್ ಸವೆದಿದೆ ಎಂದು ಸಂಶಯಪಡಬೇಕು.

1983ರ ಕೊನೆಯಲ್ಲಿ ಬಂದ ಮಾರುತಿ 800ರಂತಹ ಕಾರುಗಳಲ್ಲಿ ರಬ್ಬರ್ ಸೀಲು ಉಂಟು. ಅವು ಸೋರಿದರೆ ಅದು ಜಾಯಮಾನವಲ್ಲ. ಕಾವಿಗೂ ವಯಸ್ಸಿಗೂ ರಬ್ಬರು ಗಡುಸಾಗಿದೆ ಎಂದೇ ಅರ್ಥ. ಅದನ್ನು ಬದಲಾಯಿಸಲೇಬೇಕು. ಆ ರಬ್ಬರ್ ತುಟಿಯಾದರೂ ಎಣ್ಣೆಯನ್ನು ಬರಿದೇ ತಡೆದು ನಿಲ್ಲುವುದಿಲ್ಲ. ತುಟಿಯ ಅಡಿಯಲ್ಲಿ ಅತಿ ತೆಳುವಾದ ಎಣ್ಣೆಯ ಪೊರೆ ಇರುತ್ತದೆಂದೂ, ಸೀಲು ಅದನ್ನು ಸತತವಾಗಿ ಒಳಕ್ಕೇ ನೂಕುತ್ತಿರುತ್ತದೆಂದೂ ಐವತ್ತರ ದಶಕದಿಂದೀಚೆಗಿನ ಸಂಶೋಧನೆಗಳು ತೋರಿಸಿವೆ. ಹಳೆಯ ತಿರುಪು ಮಾಡುತ್ತಿದ್ದುದೂ ಅದನ್ನೇ. ವ್ಯತ್ಯಾಸವಿಷ್ಟೇ: ಎಂಜಿನ್ ನಿಂತ ಮೇಲೂ ರಬ್ಬರು ಬಾಯಿ ಮುಚ್ಚಿಕೊಂಡಿರುತ್ತದೆ, ತಿರುಪಿಗೆ ಆ ಶಕ್ತಿಯಿಲ್ಲ.

ಆದ್ದರಿಂದ ಹಳೆಯ ಅಂಬಾಸಿಡರಿನ ಕೆಳಗೆ ಎಣ್ಣೆಯ ಕಲೆ ಕಂಡೊಡನೆ ಮೆಕ್ಯಾನಿಕನ ಪ್ರಾಮಾಣಿಕತೆಯನ್ನು ಶಂಕಿಸುವುದಾಗಲಿ, ಕಾರನ್ನು ಗುಜರಿಗೆ ಕಳುಹಿಸುವುದಾಗಲಿ ಸರಿಯಲ್ಲ. ಹನಿ ಎಲ್ಲಿಂದ ಹೊರಟಿದೆ, ಎಷ್ಟು ಬೀಳುತ್ತಿದೆ ಎಂಬೆರಡನ್ನು ಮೊದಲು ತಿಳಿಯಬೇಕು. ವಾರಕ್ಕೊಮ್ಮೆ ಕಡ್ಡಿ ಎತ್ತಿ ಎಣ್ಣೆಯ ಮಟ್ಟ ನೋಡುವುದು, ನಿಲ್ಲಿಸಿದ ಕಡೆ ಕೆಳಗೊಂದು ತಗಡಿನ ತಟ್ಟೆ ಇಟ್ಟು ಸೊಸೈಟಿಯ ಅಂಗಳವನ್ನು ಶುಚಿಯಾಗಿಡುವುದು: ಇವೆರಡನ್ನು ಮಾಡುವವರ ಕಾರು ಇನ್ನೂ ಬಹಳ ಕಾಲ ಓಡೀತು ಎಂದು ನಮ್ಮ ನಂಬಿಕೆ.